ಶಿಫಾರಸು ಕೇಳದ ಬಸವನಗುಡಿಯ ಸಂಸ್ಥೆ

ಕ್ಲಬ್ ಅಂದರೆ ನಮ್ಮ ತಿಪಟೂರು, ತುರುವೇಕೆರೆ ಕಡೆ ಮೊದಲು ನೆನಪಾಗುವುದು ಇಸ್ಪೀಟು. ಬೆಂಗಳೂರಿನಲ್ಲಿ ಅದು ಅಂತಸ್ತಿನ ಗುರುತು. 1868ರ ಬೆಂಗಳೂರು ಕ್ಲಬ್ ಬ್ರಿಟಿಷ್ ಅಧಿಕಾರಿಗಳದ್ದು. ಭಾರತೀಯರಿಗೆ ಬಹುಕಾಲ ಪ್ರವೇಶವಿರಲಿಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಕಟ್ಟಿದರು. ಅದೂ ಸದಸ್ಯರಿಗಷ್ಟೇ.

ಬಸವನಗುಡಿಯಲ್ಲಿ ಹುಟ್ಟಿದ್ದು ಬೇರೆ ಥರದ್ದು. 1945ರ ಆಗಸ್ಟ್ 11. ನಾಗಸಾಕಿ ಮೇಲೆ ಬಾಂಬ್ ಬಿದ್ದು ಎರಡೇ ದಿನ, ಯುದ್ಧ ಇನ್ನೂ ಮುಗಿದಿರಲಿಲ್ಲ. ಅಂದು ಬಿ.ಪಿ. ವಾಡಿಯಾ, ಸೋಫಿಯಾ ವಾಡಿಯಾ ದಂಪತಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರು ಮಾಡಿದರು. ದೇಶ ದೇಶಗಳ ನಡುವೆ ಸ್ನೇಹ ಬೆಳೆಯಬೇಕು, ಅದಕ್ಕೆ ಪುಸ್ತಕ, ಸಂಗೀತ, ಚಿತ್ರಕಲೆಯೇ ದಾರಿ ಎಂದು ನಂಬಿದ್ದ ಥಿಯಾಸಫಿಯವರು ಇಬ್ಬರೂ.

ವಾಡಿಯಾ ಮುಂಬೈನ ಪಾರ್ಸಿ ಬಟ್ಟೆ ವ್ಯಾಪಾರಿಗಳ ಮನೆಯವರು. ಆದರೂ 1918ರಲ್ಲಿ ಮದ್ರಾಸಿನ ಗಿರಣಿ ಕೂಲಿಗಳ ಪರ ನಿಂತು ಮದ್ರಾಸ್ ಲೇಬರ್ ಯೂನಿಯನ್ ಅಧ್ಯಕ್ಷರಾದರು. ದೇಶದ ಮೊದಮೊದಲ ಕಾರ್ಮಿಕ ಸಂಘಗಳಲ್ಲಿ ಅದೂ ಒಂದು. ಸೋಫಿಯಾ ಹುಟ್ಟಿದ್ದು ದೂರದ ಕೊಲಂಬಿಯಾದಲ್ಲಿ. ಲೇಖಕರ ಅಂತರರಾಷ್ಟ್ರೀಯ ಸಂಘಟನೆ ಪೆನ್‌ನ ಭಾರತ ಶಾಖೆ ತೆರೆದವರು ಅವರೇ.

ಇಲ್ಲೂ ಸದಸ್ಯತ್ವ ಉಂಟು, ಗ್ರಂಥಾಲಯ ಉಂಟು. ಆದರೆ ಉಪನ್ಯಾಸ, ಸಂಗೀತ ಕೇಳಲು ಯಾರ ಶಿಫಾರಸೂ ಬೇಡ, ಟಿಕೆಟ್ಟೂ ಬೇಡ. ನನ್ನ ಮಟ್ಟಿಗೆ ಇದೇ ದೊಡ್ಡ ಸಂಗತಿ. ಓದಲು ಬೆಂಗಳೂರು ಸೇರಿರುವ ನಮ್ಮೂರ ಮಕ್ಕಳಿಗೆ ವಿಳಾಸ ಹೇಳಿಬಿಡಿ: ಬಸವನಗುಡಿ, ಬಿ.ಪಿ. ವಾಡಿಯಾ ರಸ್ತೆ.