ಜೋಕರ್ ಕಥೇಲಿ ಪೆಟ್ಟು ತಿಂದಿದ್ದು ಯಾರು?

(1/5)
ನಿಮ್ಮಲ್ಲಿ ಎಷ್ಟು ಜನ ಜೋಕರ್ ಫೋಟೋನ ಡಿಪಿ ಮಾಡ್ಕೊಂಡಿದ್ದೀರಿ? ನಾನೂ ಮಾಡ್ಕೊಂಡಿದ್ದೆ. ಕಳೆದ ಸೆಮ್‌ನಲ್ಲಿ ಕಾಸ್ಟ್ ಅಕೌಂಟಿಂಗ್ ಬ್ಯಾಕ್ ಆದಾಗ ಮನೇಲಿ ತಂಗಿ ಮೇಲೆ ಸುಮ್ಸುಮ್ನೆ ರೇಗಾಡಿದೆ. ಆಮೇಲೆ, ದಿನ ಕೆಟ್ಟರೆ ಯಾರಾದ್ರೂ ಹೀಗೇ ಆಗ್ತಾರೆ ಅಂತ ಸ್ಟೇಟಸ್ ಬೇರೆ ಹಾಕಿದೆ. ಈ ವಾದಕ್ಕೆ ಒಂದು ಇತಿಹಾಸ ಇದೆ. ಸ್ವೈಪ್ ಮಾಡಿ.

(2/5)
ಜೋಕರ್ ಮೊದಲು ಬಂದಿದ್ದು 1940ರಲ್ಲಿ, 'ಬ್ಯಾಟ್‌ಮ್ಯಾನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಆಗಲೇ ಆತ ಕೊಲೆಗಾರ. 1954ರಲ್ಲಿ ಅಮೆರಿಕದ ಪ್ರಕಾಶಕರು ಒಟ್ಟಾಗಿ 'ಕಾಮಿಕ್ಸ್ ಕೋಡ್' ಅಂತ ನಿಯಮ ಮಾಡಿಕೊಂಡರು. ರಕ್ತಪಾತಕ್ಕೆ ಕತ್ತರಿ ಬಿತ್ತು, ಜೋಕರ್ ಬರೀ ತರಲೆ ಕಳ್ಳನಾದ. 1986ರಲ್ಲಿ ಗಾಳಿ ತಿರುಗಿತು. ಫ್ರಾಂಕ್ ಮಿಲ್ಲರ್‌ನ 'ದ ಡಾರ್ಕ್ ನೈಟ್ ರಿಟರ್ನ್ಸ್', ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್‌ರ 'ವಾಚ್‌ಮೆನ್' ಎರಡೂ ಅದೇ ವರ್ಷ ಶುರುವಾದವು. ಸೂಪರ್‌ಹೀರೋ ಕಥೆ ದೊಡ್ಡವರ ಓದು ಆಯ್ತು, ಕತ್ತಲೆಯೇ ಫ್ಯಾಷನ್ ಆಯ್ತು.

(3/5)
1988ರಲ್ಲಿ ಬಂತು 'ದ ಕಿಲ್ಲಿಂಗ್ ಜೋಕ್'. ಬರೆದದ್ದು ಅಲನ್ ಮೂರ್, ಚಿತ್ರ ಬ್ರಯನ್ ಬೊಲ್ಲಂಡ್. ಇಲ್ಲಿ ಕಥೆಯ ಕೇಂದ್ರ ಜೋಕರ್. ಮೊದಲು ಆತ ಸೋತ ಹಾಸ್ಯಗಾರ, ಹೆಂಡತಿ ಬಸುರಿ, ಕೈಯಲ್ಲಿ ಕಾಸಿಲ್ಲ. ಒಂದೇ ದಿನದಲ್ಲಿ ಎಲ್ಲಾ ಹೋಗುತ್ತೆ. ಯಾರಿಗೇ ಆದ್ರೂ ಅಂಥ ಒಂದು ದಿನ ಸಾಕು ಅಂತ ತೋರಿಸೋಕೆ ಆತ ಕಮಿಷನರ್ ಗಾರ್ಡನ್‌ರನ್ನ ಹಿಡಿದು ಹಿಂಸಿಸ್ತಾನೆ. ಗಾರ್ಡನ್ ಹುಚ್ಚರಾಗಲ್ಲ! ಕಾನೂನು ಪ್ರಕಾರವೇ ಆತನನ್ನ ಹಿಡಿ ಅಂತ ಬ್ಯಾಟ್‌ಮ್ಯಾನ್‌ಗೆ ಹೇಳ್ತಾರೆ. ಅಂದ್ರೆ ಕಥೆಯೇ ಜೋಕರ್ ವಾದವನ್ನ ಒಪ್ಪಲ್ಲ. ನಾವು ಮಾತ್ರ ಡೈಲಾಗ್ ಎತ್ಕೊಂಡು ಉತ್ತರ ಬಿಟ್ಟುಬಿಟ್ವಿ.

(4/5)
ಇನ್ನೊಂದು ವಿಷಯ ಬಾಕಿ ಇದೆ. ಈ ವಾದದ ಪರೀಕ್ಷೆಗೆ ಗುಂಡೇಟು ತಿಂದಿದ್ದು ಗಾರ್ಡನ್ ಮಗಳು ಬಾರ್ಬರಾ, ಅಂದ್ರೆ ಬ್ಯಾಟ್‌ಗರ್ಲ್. ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಅವಳ ನೋವಿಗೆ ಆ ಪುಸ್ತಕದಲ್ಲಿ ಸಿಕ್ಕ ಪುಟಗಳು ಬೆರಳೆಣಿಕೆ. ಪುಸ್ತಕಕ್ಕೆ ಐಸ್ನರ್ ಪ್ರಶಸ್ತಿ ಬಂತು. ಆದರೆ ಇದು ತನ್ನ ಒಳ್ಳೆ ಕೆಲಸ ಅಲ್ಲ ಅಂತ ಮುಂದೆ ಮೂರ್ ಅವರೇ ಹೇಳಿಕೊಂಡರು. ಬಾರ್ಬರಾಳನ್ನ ಅಲ್ಲಿಗೇ ಬಿಡಬಾರದು ಅಂತ ಕಿಮ್ ಯೇಲ್, ಜಾನ್ ಆಸ್ಟ್ರಾಂಡರ್ ದಂಪತಿ 1989ರಲ್ಲಿ 'ಸೂಯಿಸೈಡ್ ಸ್ಕ್ವಾಡ್'ನಲ್ಲಿ ಅವಳನ್ನ 'ಒರಾಕಲ್' ಆಗಿ ತಂದರು. ವೀಲ್‌ಚೇರ್, ಕಂಪ್ಯೂಟರ್, ಚುರುಕು ತಲೆ. ಹೀರೋಗಳೇ ಅವಳ ಹತ್ರ ಮಾಹಿತಿ ಕೇಳೋ ಹಾಗಾಯ್ತು.

(5/5)
ವಿಲನ್ ಕಥೆ ಓದಬೇಡಿ ಅಂತ ನಾನು ಹೇಳ್ತಿಲ್ಲ, ನಾನೂ ಓದ್ತೀನಿ. ಆದ್ರೆ ಓದುವಾಗ ಪೆಟ್ಟು ತಿಂದವರು ಯಾರು ಅಂತ ಒಂದ್ಸಲ ನೋಡಿ. ಕೆಟ್ಟ ದಿನ ಅವರಿಗೂ ಬಂದಿತ್ತು, ಬಾರ್ಬರಾ ಅದಕ್ಕೆ ಯಾರ ಮೇಲೂ ಗುಂಡು ಹಾರಿಸಲಿಲ್ಲ. ಸ್ಟೇಟಸ್ ಡಿಲೀಟ್ ಮಾಡಿದೆ. ತಂಗಿಗೆ ಸಾರಿನೂ ಕೇಳಿದೆ. ಗೋಬಿ ಕೊಡಿಸು, ಆಮೇಲೆ ನೋಡೋಣ ಅಂದ್ಲು.

ನೀವು ಜೋಕರ್ ಪರವೋ, ಬಾರ್ಬರಾ ಪರವೋ? ಕಾಮೆಂಟ್‌ನಲ್ಲಿ ಜಗಳ ಆಡೋಣ ಬನ್ನಿ.