ಪೊರಕೆ ಏರಿ ಕೆಲಸ ಹುಡುಕಿ ಹೊರಟ ಹುಡುಗಿ

ಕಿಕಿಯನ್ನು ಮಾಟಗಾತಿ ಅಂತ ಕರೆಯೋಕೆ ನನಗೆ ಮನಸ್ಸು ಬರೋದಿಲ್ಲ. ನಮ್ಮಲ್ಲಿ ಆ ಪದದ ಜೊತೆ ನಿಂಬೆಹಣ್ಣು, ಕುಂಕುಮ, ಅಮಾವಾಸ್ಯೆ ಎಲ್ಲ ಅಂಟಿಕೊಂಡೇ ಬರುತ್ತವೆ. ಈ ಜಪಾನಿ ಹುಡುಗಿ ಹೊರಡೋದೇ ಹುಣ್ಣಿಮೆ ರಾತ್ರಿ! 13 ತುಂಬಿದ ಮೇಲೆ ಮನೆ ಬಿಟ್ಟು, ತನ್ನಂಥವರು ಯಾರೂ ಇಲ್ಲದ ಊರಿನಲ್ಲಿ ಒಂದು ವರ್ಷ ಸ್ವಂತ ದುಡಿಮೆಯಿಂದ ಬದುಕಬೇಕು ಅನ್ನೋದು ಅವರ ಪದ್ಧತಿ. ಅಮ್ಮ ಕೊಟ್ಟ ಪೊರಕೆ, ಅಪ್ಪನ ರೇಡಿಯೋ, ಜೀಜೀ ಅನ್ನೋ ಕರಿಬೆಕ್ಕು, ಇಷ್ಟೇ ಅವಳ ಗಂಟು. ಬರೋ ವಿದ್ಯೆಯೂ ಒಂದೇ, ಹಾರೋದು. ಬೇಕರಿಯೊಂದರಲ್ಲಿ ಜಾಗ ಹಿಡಿದು, ಮನೆಮನೆಗೆ ಸಾಮಾನು ತಲುಪಿಸುವ ಕೆಲಸ ಶುರು ಮಾಡುತ್ತಾಳೆ.

ಹಯಾವೊ ಮಿಯಾಝಾಕಿಯ 'ಕಿಕಿಸ್ ಡೆಲಿವರಿ ಸರ್ವಿಸ್' ಜಪಾನಿನಲ್ಲಿ ಬಿಡುಗಡೆಯಾದದ್ದು 1989ರ ಜುಲೈ 29ರಂದು. ಮಕ್ಕಳ ಚಿತ್ರ ಅಂತ ನೋಡಿದರೆ ಮಕ್ಕಳ ಚಿತ್ರವೇ. ಆದರೆ ಇದರ ಹಿಂದಿನ ಕಥೆ ಹುಡುಕುತ್ತಾ ಹೋದರೆ ಎಲ್ಲಾ ಕಡೆ ಸಿಗೋದು ಊರು ಬಿಟ್ಟವರು, ಕೂಲಿ, ದುಡ್ಡಿನ ಲೆಕ್ಕ.

ಮೂಲ ಕಾದಂಬರಿ ಬರೆದ ಎಯ್ಕೊ ಕಾದೊನೊ 1935ರಲ್ಲಿ ಟೋಕಿಯೋದಲ್ಲಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿ ಬ್ರೆಜಿಲಿಗೆ ಹೋಗಿ ಎರಡು ವರ್ಷ ಇದ್ದರು. ಭಾಷೆ ಬರದ ಊರಲ್ಲಿ ಅವರಿಗೆ ಮಾತು ಕಲಿಸಿದವನು ಲುಯಿಸಿನ್ಯೊ ಅನ್ನೋ ಪುಟ್ಟ ಹುಡುಗ. 1970ರಲ್ಲಿ ಬಂದ ಅವರ ಮೊದಲ ಪುಸ್ತಕ ಅವನ ಮೇಲೆಯೇ. ಆಮೇಲೆ ಮಗಳು ಬರೆದ ಒಂದು ಚಿತ್ರ, ರೇಡಿಯೋ ಕೇಳುತ್ತಾ ಹಾರುವ ಮಾಟಗಾತಿಯದು, ಕಣ್ಣಿಗೆ ಬಿದ್ದು ಕಿಕಿ ಹುಟ್ಟಿದಳು. ಕಾದಂಬರಿ ಪ್ರಕಟವಾದದ್ದು 1985ರಲ್ಲಿ. ಉದ್ಯೋಗದಲ್ಲಿ ಹೆಂಗಸರಿಗೆ ಸಮಾನ ಅವಕಾಶ ಕೊಡುವ ಕಾನೂನನ್ನು ಜಪಾನ್ ಪಾಸು ಮಾಡಿದ್ದೂ ಅದೇ ವರ್ಷ! 2018ರಲ್ಲಿ ಕಾದೊನೊಗೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು.

ಜಪಾನಿ ಹೆಸರಿನಲ್ಲಿರೋ 'ತಕ್ಯೂಬಿನ್' ಅನ್ನೋ ಪದ ಯಾಮಾತೊ ಎಂಬ ಸಾಗಣೆ ಕಂಪನಿಯ ಟ್ರೇಡ್‌ಮಾರ್ಕ್. ಮನೆಬಾಗಿಲಿಗೆ ಪಾರ್ಸೆಲ್ ತಲುಪಿಸುವ ಆ ಸೇವೆ ಶುರುವಾದದ್ದು 1976ರಲ್ಲಿ. ಕಂಪನಿಯ ಗುರುತೋ, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡ ಕರಿಬೆಕ್ಕು. ಜೀಜೀಯ ಪುಣ್ಯ, ಕೊನೆಗೆ ಅವರೇ ಪ್ರಾಯೋಜಕರಾದರು :)

ಮಿಯಾಝಾಕಿ ಮೊದಲು ಬರೀ ನಿರ್ಮಾಪಕ. ನಿರ್ದೇಶನ ಸುನಾವೊ ಕತಾಬುಚಿ ಎಂಬ ಯುವಕನದಾಗಬೇಕಿತ್ತು. ಬೇರೆಯವರು ಬರೆದ ಚಿತ್ರಕಥೆ ಒಪ್ಪಿಗೆಯಾಗದೆ ಮಿಯಾಝಾಕಿ ತಾವೇ ಬರೆದರು, ಕೊನೆಗೆ ನಿರ್ದೇಶನವನ್ನೂ ಎತ್ತಿಕೊಂಡರು. ಕತಾಬುಚಿ ಸಹಾಯಕನಾಗಿ ಉಳಿದ. (2016ರಲ್ಲಿ ಅವನೇ ಹಿರೋಶಿಮಾ ಕಡೆಯ ಯುದ್ಧಕಾಲದ ಕಥೆ 'ಇನ್ ದಿಸ್ ಕಾರ್ನರ್ ಆಫ್ ದಿ ವರ್ಲ್ಡ್' ಮಾಡಿದ. ಅದನ್ನೂ ನೋಡಿ.) ಕಾದೊನೊಗೆ ಈ ಬದಲಾವಣೆಗಳು ಮೊದಲು ಹಿಡಿಸಲಿಲ್ಲ. ಪುಸ್ತಕದಲ್ಲಿ ಚಿಕ್ಕಪುಟ್ಟ ಪ್ರಸಂಗಗಳಷ್ಟೇ ಇವೆ. ಸಿನಿಮಾದಲ್ಲಿ ಕಿಕಿ ಸೋಲುತ್ತಾಳೆ, ಹಾರುವುದನ್ನೇ ಮರೆಯುತ್ತಾಳೆ.

ಊರು ಕಾಣೋದು ಸ್ವೀಡನ್ನಿನ ಸ್ಟಾಕ್‌ಹೋಮ್, ವಿಸ್ಬಿಗಳ ಹಾಗೆ. ಆದರೆ ಮಿಯಾಝಾಕಿ ಮನಸ್ಸಿನಲ್ಲಿದ್ದದ್ದು ಹಳ್ಳಿ, ಸಣ್ಣ ಊರುಗಳಿಂದ ಟೋಕಿಯೋಗೆ ಬಂದು ಒಂಟಿಯಾಗಿ ದುಡಿಯುವ ಹುಡುಗಿಯರು. ಹಾಗಾಗಿಯೇ ಕಿಕಿ ಅಂಗಡಿಯಲ್ಲಿ ಪಾತ್ರೆಪಗಡಿ ಕೊಂಡು, ಕೈಯಲ್ಲಿ ಉಳಿದ ದುಡ್ಡು ಎಣಿಸಿ ಮುಖ ಸಣ್ಣ ಮಾಡೋದು. ಅಜ್ಜಿಯೊಬ್ಬಳ ಜೊತೆ ಸೌದೆ ಒಲೆ ಹೊತ್ತಿಸಿ ಮೀನಿನ ಪೈ ಬೇಯಿಸಿ, ಸುರಿಯೋ ಮಳೆಯಲ್ಲಿ ನೆನೆದು ತಲುಪಿಸಿದರೆ, ಮೊಮ್ಮಗಳು "ಅಜ್ಜಿಯ ಈ ಪೈ ನನಗೆ ಸೇರಲ್ಲ" ಅಂತ ಬಾಗಿಲು ಹಾಕುತ್ತಾಳೆ. ಕಿಕಿಗೆ ಜ್ವರ ಬರೋದು ಮಳೆಯಿಂದ ಮಾತ್ರ ಅಂತ ನಾನು ನಂಬೋದಿಲ್ಲ. ನಮ್ಮ ಉಡುಪಿ ಕಡೆಯ ಹುಡುಗರು ಹೆಚ್ಚುಕಮ್ಮಿ ಇದೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿಗೆ ಹೋಗುತ್ತಿದ್ದರಲ್ಲ, ಅವರಿಗೆ ಈ ಬಾಗಿಲು ಚೆನ್ನಾಗಿ ಗೊತ್ತು.

ಜಪಾನಿ ಮೂಲದಲ್ಲಿ ಹಾರುವ ಶಕ್ತಿ ವಾಪಸ್ ಬಂದ ಮೇಲೂ ಜೀಜೀ ಮಾತಾಡೋದಿಲ್ಲ, ಬರೀ ಮಿಯಾಂವ್. 1998ರ ಡಿಸ್ನಿ ಇಂಗ್ಲಿಷ್ ಅವತರಣಿಕೆಯಲ್ಲಿ ಕೊನೆಗೆ ಅದಕ್ಕೊಂದು ಮಾತು ಸೇರಿಸಿದರು, 2010ರಲ್ಲಿ ತೆಗೆದರು. ತೆಗೆದದ್ದೇ ಸರಿ.

ಇನ್ನು ದುಡ್ಡು. 26.4 ಲಕ್ಷ ಜನ ನೋಡಿದರು, ಆ ವರ್ಷದ ಜಪಾನಿ ಚಿತ್ರಗಳಲ್ಲೇ ಹೆಚ್ಚು ಗಳಿಕೆ. ಆದರೆ ಅದನ್ನು ಬಿಡಿಸಿದವರು? ಅದುವರೆಗೆ ಸ್ಟುಡಿಯೋ ಘಿಬ್ಲಿ ಒಂದೊಂದು ಚಿತ್ರಕ್ಕೂ ಜನ ಸೇರಿಸುತ್ತಿತ್ತು. ಬಿಡಿಸಿದಷ್ಟಕ್ಕೆ ಕೂಲಿ, ಚಿತ್ರ ಮುಗಿದರೆ ಮನೆಗೆ. ಕಿಕಿಯ ದುಡಿಮೆಯ ಕಥೆ ತಯಾರಾದದ್ದೂ ಇಂಥ ಬಿಡಿ ಕೂಲಿಯಲ್ಲೇ. ಚಿತ್ರ ಗೆದ್ದ ಮೇಲೆ ಮಿಯಾಝಾಕಿಯೇ ಪಟ್ಟು ಹಿಡಿದರು: ಎಲ್ಲರನ್ನೂ ಕಾಯಂ ಮಾಡಬೇಕು, ಆದಾಯ ಇಮ್ಮಡಿಯಾಗಬೇಕು, ಹೊಸಬರನ್ನು ತೆಗೆದುಕೊಂಡು ತರಬೇತಿ ಕೊಡಬೇಕು. 1989ರ ನವೆಂಬರ್‌ನಿಂದ ತಿಂಗಳ ಸಂಬಳ ಶುರುವಾಯಿತು. ಸಂಬಳ ಕೊಡೋಕೆ ಚಿತ್ರ ಮಾಡುತ್ತಲೇ ಇರಬೇಕು, ಮಾಡಿದರು ಕೂಡ. 25 ವರ್ಷ ನಡೆಯಿತು. 2014ರಲ್ಲಿ ಆ ನಿರ್ಮಾಣ ವಿಭಾಗವನ್ನು ವಿಸರ್ಜಿಸಿದರು. ಮಿಯಾಝಾಕಿ ಮತ್ತೆ ಚಿತ್ರ ಮಾಡಲು ಹೊರಟಾಗ ಹೊಸದಾಗಿ ಜನ ಬೇಕು ಅಂತ ಜಾಹೀರಾತು ಕೊಟ್ಟರು.