ಕಾಲಿಗೆ ವಾಕಿಂಗ್ ಕೊಟ್ಟೆವು, ತಲೆಗೆ ಏನು ಕೊಟ್ಟೆವು?

ಇವತ್ತಿನ ಮಾತು ಶುರುವಾಗೋದು ಪುಣೆಯ ನಮ್ಮ ಫ್ಲ್ಯಾಟಿನ ಬಾಗಿಲಿನಿಂದ. ನಮ್ಮ ನಾಯಿ ಕರಿಯ ಆ ಬಾಗಿಲಿನ ಚೌಕಟ್ಟನ್ನು ಕಡಿದು ಕಡಿದು ಸಿಪ್ಪೆ ಎಬ್ಬಿಸಿದ್ದ. ಬೆಳಿಗ್ಗೆ ಅರ್ಧ ಗಂಟೆ, ರಾತ್ರಿ ಅರ್ಧ ಗಂಟೆ ವಾಕಿಂಗ್, ಎರಡು ಹೊತ್ತು ಹೊಟ್ಟೆ ತುಂಬ ಊಟ. ನನ್ನ ಲೆಕ್ಕದಲ್ಲಿ ಎಲ್ಲ ಸರಿಯಾಗೇ ಇತ್ತು. ಆದರೂ ಹಗಲಿಡೀ ಬೊಗಳಾಟ, ಕಡಿದಾಟ. ಸೊಸೈಟಿಯಿಂದ ಎರಡು ಸಲ ಪತ್ರ ಬಂತು. ಮೂರನೆಯದು ಬರುವ ಮೊದಲೇ, "ಇವನನ್ನ ಯಾರಿಗಾದರೂ ಕೊಟ್ಟುಬಿಡೋಣ" ಅಂತ ನಾನೇ ಬಾಯಿಬಿಟ್ಟು ಹೇಳಿದೆ. ಹೆಂಡತಿ, "ಮೊದಲು ಅವನಿಗೆ ಏನಾಗಿದೆ ಅಂತ ತಿಳ್ಕೊಳ್ಳಿ, ಆಮೇಲೆ ಕೊಡೋದು ಬಿಡೋದು ನೋಡೋಣ" ಅಂದಳು. ಹಾಗೆ ತಿಳಿದುಕೊಳ್ಳಲು ಹೊರಟಾಗ ಸಿಕ್ಕಿದ ಇತಿಹಾಸ ಇದು.

ಮೊದಲು ನಮ್ಮ ಕಡೆಯದೇ ಒಂದು ಕಲ್ಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಹತ್ತನೇ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. 949ರ ಸುಮಾರಿಗೆ ನಡೆದ ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ, ಬೇಕಾದ್ದು ಕೇಳಿಕೊಳ್ಳುವ ಅವಕಾಶ ಸಿಕ್ಕಿತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಜತೆ ಹೋರಾಡಿತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ.

ನಾನು ಇಲ್ಲಿ ಗಮನಿಸಿದ್ದು ನಾಯಿಯ ಶೌರ್ಯಕ್ಕಿಂತ ಹೆಚ್ಚಾಗಿ ಅದರ ಕೆಲಸವನ್ನು. ಸಾವಿರಾರು ವರ್ಷ ನಾಯಿಗೆ ಮಾಡಲು ಏನಾದರೂ ಇತ್ತು. ವಾಸನೆ ಹಿಡಿಯೋದು, ಕುರಿ ಕಾಯೋದು, ಹೊಲ ಕಾಯೋದು. ಬೀದಿನಾಯಿಗೆ ಇವತ್ತಿಗೂ ಊಟ ಹುಡುಕೋದೇ ಒಂದು ಪೂರ್ತಿ ದಿನದ ಕೆಲಸ. ನಾಲ್ಕು ಗೋಡೆಯ ನಡುವೆ, ತಟ್ಟೆಗೇ ಊಟ ಬರುವ ನಿರುದ್ಯೋಗಿ ನಾಯಿ ನಮ್ಮ ಕಾಲದ್ದು.

ಕೆಲಸವಿಲ್ಲದ ತಲೆಗೆ ಏನಾಗುತ್ತೆ? ಈ ಪ್ರಶ್ನೆಯನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಎಂಬ ಮನಶ್ಶಾಸ್ತ್ರಜ್ಞ ಕೈಗೆತ್ತಿಕೊಂಡ. ನಮ್ಮ ಮೆಷಿನ್ ಲರ್ನಿಂಗ್ ಮಂದಿಗೆ ಹೆಬ್ ಹೆಸರು ಗೊತ್ತಿರುತ್ತೆ, ನರಕೋಶಗಳ ಕಲಿಕೆಯ ನಿಯಮ ಅವನದೇ. ಅವನು ಒಂದಷ್ಟು ಇಲಿಮರಿಗಳನ್ನು ಮನೆಗೆ ಒಯ್ದು ಮಕ್ಕಳ ಜತೆ ಸಾಕಿದ. ಮನೆಯಲ್ಲಿ ಓಡಾಡಿ ಬೆಳೆದ ಇಲಿಗಳು, ಪಂಜರದಲ್ಲಿ ಬೆಳೆದವುಗಳಿಗಿಂತ ಒಗಟಿನ ದಾರಿಗಳನ್ನು ಚೆನ್ನಾಗಿ ಬಿಡಿಸಿದವು. ಇದನ್ನು ಅವನು 1947ರಲ್ಲಿ ವರದಿ ಮಾಡಿದ.

ಮುಂದಿನ ಪರೀಕ್ಷೆ ನಾಯಿಗಳ ಮೇಲೆ. ಇದನ್ನು ಹೇಳುವಾಗ ನನಗೇ ಕಷ್ಟವಾಗುತ್ತೆ. 1950ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಸಂಶೋಧಕರು ಸ್ಕಾಟಿಷ್ ಟೆರಿಯರ್ ಮರಿಗಳನ್ನು, ಹೊರಗೇನೂ ಕಾಣದ ಪಂಜರಗಳಲ್ಲಿ ಒಂಟಿಯಾಗಿ ಬೆಳೆಸಿದರು. ಊಟ, ನೀರು ಕೊಡುತ್ತಿದ್ದರು. ಇಲ್ಲದ್ದು ಆಟ, ಜೊತೆ, ಹೊಸ ವಾಸನೆ, ಹೊಸ ನೋಟ. ಅವುಗಳ ಒಡಹುಟ್ಟಿದ ಮರಿಗಳು ಮಾಮೂಲಿಯಾಗಿ ಬೆಳೆದವು.

ಹೊರಗೆ ಬಿಟ್ಟಾಗ, ಪಂಜರದ ನಾಯಿಗಳು ಮಂಕಾಗಿ ಮೂಲೆ ಸೇರಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆಗಿದ್ದು ತದ್ವಿರುದ್ಧ. ಅವು ಮಾಮೂಲಿ ನಾಯಿಗಳಿಗಿಂತ ಹೆಚ್ಚು ಓಡಾಡಿದವು, ಚಡಪಡಿಸಿದವು. ಒಗಟು ಬಿಡಿಸುವುದರಲ್ಲಿ ಹಿಂದೆ ಬಿದ್ದವು. 1957ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಟಿ. ಎಚ್. ಸ್ಕಾಟ್ ಪ್ರಕಟಿಸಿದ ವರದಿ ಇನ್ನೂ ಕಠೋರ. ಉರಿಯುವ ಕಡ್ಡಿ ತೋರಿಸಿದರೆ ಈ ನಾಯಿಗಳು ಮೂಗು ಸುಟ್ಟುಕೊಂಡರೂ ಮತ್ತೆ ಅದೇ ಬೆಂಕಿಗೆ ಮೂಗು ಒಡ್ಡುತ್ತಿದ್ದವು. ನೋವು ಎಲ್ಲಿಂದ ಬಂತು, ಹೇಗೆ ತಪ್ಪಿಸಿಕೊಳ್ಳಬೇಕು ಅನ್ನುವುದನ್ನೂ ಅನುಭವದಿಂದಲೇ ಕಲಿಯಬೇಕು ಅಂತ ಅಲ್ಲಿ ತಿಳಿಯಿತು. ಆ ಮರಿಗಳು ತೆತ್ತ ಬೆಲೆಯಿಂದ ನಮಗೆ ಸಿಕ್ಕಿದ ಅರಿವು ಇದು. ಮೆಲ್ಜಾಕ್ ಮುಂದೆ ಪ್ಯಾಟ್ರಿಕ್ ವಾಲ್ ಜತೆ 1965ರಲ್ಲಿ ನೋವಿನ ಬಗ್ಗೆ ಹೆಸರಾಂತ ಸಿದ್ಧಾಂತವೊಂದನ್ನು ಮಂಡಿಸಿದ.

ಇಷ್ಟಾದ ಮೇಲೆ ಕಾನೂನು ಬದಲಾಗಿರಬೇಕಲ್ಲ? 1985ರಲ್ಲಿ ಅಮೆರಿಕ ತನ್ನ ಪ್ರಾಣಿ ಕಲ್ಯಾಣ ಕಾಯ್ದೆಗೆ ತಿದ್ದುಪಡಿ ತಂದಿತು. ಪ್ರಯೋಗಾಲಯದ ಕೋತಿ, ಚಿಂಪಾಂಜಿಗಳಿಗೆ ಮಾನಸಿಕ ಸ್ವಾಸ್ಥ್ಯಕ್ಕೆ ತಕ್ಕ ವಾತಾವರಣ ಕೊಡಬೇಕು ಅಂತ ಬರೆದರು. ನಾಯಿಗಳಿಗೆ? ವ್ಯಾಯಾಮ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನೂ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದಿರುವುದು ಅಪರಾಧ ಅನ್ನುತ್ತೆ. ಒಳ್ಳೆಯದೇ. ಆದರೆ ಎರಡೂ ಕಡೆ ನಾಯಿಯ ಕಾಲು ಲೆಕ್ಕಕ್ಕೆ ಬಂತು, ತಲೆ ಬಿಟ್ಟುಹೋಯಿತು. ನಾನು ಮಾಡಿದ್ದೂ ಅದೇ ತಪ್ಪು.

ತಲೆಗೆ ಕೆಲಸ ಕೊಡುವ ದಾರಿಗಳು ಎಷ್ಟೋ ಸಲ ಹೀಗೇ ಅಕಸ್ಮಾತ್ತಾಗಿ ಹುಟ್ಟಿದವು. 1970ರ ದಶಕದಲ್ಲಿ ಅಮೆರಿಕದ ಕೊಲರಾಡೋದಲ್ಲಿ ಜೋ ಮಾರ್ಖಮ್ ಎಂಬಾತನ ನಾಯಿ ಫ್ರಿಟ್ಜ್ ಕಲ್ಲು ಕಡಿದು ಹಲ್ಲು ಹಾಳುಮಾಡಿಕೊಳ್ಳುತ್ತಿತ್ತು. ಅವನು ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಿದ್ದಾಗ, ಸಸ್ಪೆನ್ಷನ್ನಿನ ರಬ್ಬರ್ ತುಂಡೊಂದು ನಾಯಿಗೆ ಇಷ್ಟವಾಯಿತು. ಒಳಗೆ ತಿಂಡಿ ತುಂಬಿಕೊಡುವ ಕಾಂಗ್ ಆಟಿಕೆ ಬಂದದ್ದು ಹೀಗೆ.

ನಾನು ಆಟಿಕೆ ಕೊಳ್ಳುವ ಮೊದಲು ಹಳೇ ಟವೆಲ್ ತೆಗೆದುಕೊಂಡೆ. ಕರಿಯನ ಊಟದ ಒಂದು ಪಾಲನ್ನು ಅದರಲ್ಲಿ ಸುತ್ತಿಟ್ಟೆ. ಮೊದಲ ದಿನ ಟವೆಲ್ಲನ್ನೇ ಹರಿದ. ನಾಲ್ಕನೇ ದಿನ ಮೂಗಿನಿಂದ ನಿಧಾನವಾಗಿ ಬಿಚ್ಚಿದ, ಮುಗಿಸಿ ಮಲಗಿದ. ವಾಕಿಂಗಿನಲ್ಲಿ ಹಗ್ಗ ಎಳೆದು "ನಡಿ, ನಡಿ" ಅನ್ನೋದು ಬಿಟ್ಟೆ. ಈಗ ಒಂದು ಕಂಬದ ಹತ್ತಿರ ಮೂರು ನಿಮಿಷ ಮೂಸಿದರೂ ನಿಲ್ಲುತ್ತೇನೆ. ಸಂಜೆ ಹತ್ತು ನಿಮಿಷ ಹಗ್ಗ ಜಗ್ಗಾಟ. ಟವೆಲ್ ಆಟದ ಹೊತ್ತಿನಲ್ಲಿ ನಾವು ಪಕ್ಕದಲ್ಲೇ ಇರುತ್ತೇವೆ, ಬಟ್ಟೆ ನುಂಗಿದರೆ ಅಪಾಯ. ಒಂಟಿಯಾದಾಗ ಮಾತ್ರ ಗಾಬರಿಯಾಗುವ ನಾಯಿಗೆ ಇಷ್ಟೇ ಸಾಲದು, ಪಶುವೈದ್ಯರಿಗೆ ತೋರಿಸಿ.

ಬೊಗಳೋದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಮೂರನೇ ಪತ್ರ ಬಂದಿಲ್ಲ. ಚೌಕಟ್ಟನ್ನು ರಿಪೇರಿ ಮಾಡಿಸಿಲ್ಲ, ಬೇಕಂತಲೇ. ಯಾರಿಗಾದರೂ ಕೊಟ್ಟುಬಿಡೋಣ ಅಂದವನು ನಾನು ಅನ್ನೋದು ನೆನಪಿರಲಿ ಅಂತ.

ನಿಮ್ಮ ಮನೆಯ ನಾಯಿಗೆ ಇವತ್ತು ಏನು ಕೆಲಸವಿತ್ತು? ಯೋಚಿಸಿ ನೋಡಿ. ಮುಂದಿನ ಮಾತಿನಲ್ಲಿ ಸಿಗೋಣ.